ಕುವೆಂಪು ಅವರಿಗೆ ‘ಕನ್ನಡದಲ್ಲಿ ಬರೆ’ ಎಂದವರ ಮನೆತನ ಹುಡುಕುತ್ತಾ

ನಮಸ್ಕಾರ. ಈ ಕಥೆ ನೀವೆಲ್ಲ ಕೇಳಿರ್ತೀರಿ. 1924ರಲ್ಲಿ ಮೈಸೂರಿಗೆ ಒಬ್ಬ ಐರಿಶ್ ಕವಿ ಬಂದಿದ್ದರು. ಆಗಿನ್ನೂ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗ ಕುವೆಂಪು ತಮ್ಮ ಕವಿತೆಗಳನ್ನು ಅವರ ಮುಂದಿಟ್ಟರು. ನಿನ್ನ ಭಾಷೆಯಲ್ಲೇ ಬರೆ ಎಂದರು ಅವರು. ಅಲ್ಲಿಗೆ ಆ ಕವಿಯ ಪಾತ್ರ ಮುಗೀತು. ಅವರು ಯಾರು, ಯಾವ ಊರಿನವರು, ಆಮೇಲೆ ಏನಾದರು ಅಂತ ನಾವು ಕೇಳುವುದೇ ಇಲ್ಲ.

ಅವರು ಜೇಮ್ಸ್ ಕಸಿನ್ಸ್. 1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಹೆಂಡತಿ ಮಾರ್ಗರೆಟ್, ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಎಂಬ ಸಣ್ಣ ಊರಿನವರು. 1915ರಲ್ಲಿ ಭಾರತಕ್ಕೆ ಬಂದ ಇಬ್ಬರೂ ಇಲ್ಲೇ ಬಾಳಿ ಇಲ್ಲೇ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಇವತ್ತು ನಾನು ಮಾತಾಡಲು ಕೂತಿರುವುದು ಈ ಒಂದು ವಿಷಯಕ್ಕೇ.

ಐರ್ಲೆಂಡ್‌ನಲ್ಲಿ ಹಳೆಯವರನ್ನು ಹುಡುಕುವವರು ಸಾಮಾನ್ಯವಾಗಿ ಮರಿಮಕ್ಕಳು. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಬಂದ ಆ ಘೋರ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಅಥವಾ ಅದಕ್ಕೂ ಜಾಸ್ತಿ ಜನ ಹಡಗು ಹತ್ತಿದರು. ಅವರ ಕುಡಿಗಳು ಇವತ್ತು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಕೂತು ತಮ್ಮ ಮೂಲ ಹುಡುಕುತ್ತಾರೆ. ಆದರೆ ಅದು ಸುಲಭ ಅಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸರ್ಕಾರಿ ದಾಖಲೆಗಳ ಕಟ್ಟಡ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಬಹುಪಾಲು ಅಲ್ಲೇ ಬೂದಿಯಾದವು. ಮುಂದಿನ ನಾಲ್ಕನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿಬಿಟ್ಟಿತ್ತು. ಹಾಗಾಗಿ ಇಡಿಯಾಗಿ ಸಿಗುವ ಮೊದಲ ಜನಗಣತಿ 1901ರದ್ದು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿ ಇದೆ. 1909ರಲ್ಲಿ 70 ತುಂಬಿದವರಿಗೆ ಪಿಂಚಣಿ ಶುರುವಾಯಿತು. ಆದರೆ ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾಗಿದ್ದೇ 1864ರಲ್ಲಿ. ಮತ್ತೆ ಆ ಮುದುಕರು ವಯಸ್ಸಿಗೆ ಪುರಾವೆ ಎಲ್ಲಿಂದ ತರಬೇಕು? ನಮ್ಮ ಅಪ್ಪ ಇಂಥವರು, ಅಮ್ಮ ಇಂಥವರು, ನಾನು ಮಗುವಾಗಿದ್ದಾಗ ಇಂಥ ಊರಲ್ಲಿದ್ದೆವು, ಹಳೇ ಜನಗಣತಿಯಲ್ಲಿ ನೋಡಿ ಅಂತ ಅರ್ಜಿ ಹಾಕಿದರು. ಗುಮಾಸ್ತರು 1841, 1851ರ ಪುಸ್ತಕ ತೆಗೆದು ನೋಡಿ, ಸಿಕ್ಕಿದ್ದನ್ನು ಆ ಅರ್ಜಿಯ ಮೇಲೇ ಬರೆದರು. ಪುಸ್ತಕಗಳು ಸುಟ್ಟುಹೋದವು, ಅರ್ಜಿಗಳು ಉಳಿದವು. ಬರಗಾಲಕ್ಕೆ ಮುಂಚಿನ ಎಷ್ಟೋ ಕುಟುಂಬಗಳ ಹೆಸರು ಇವತ್ತು ನಮಗೆ ಸಿಗುವುದು ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಕೇಳಿದ ಒಬ್ಬ ಅಜ್ಜಿಯಿಂದ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

1911ರ ಜನಗಣತಿಯ ನಮೂನೆಯನ್ನು ನೀವೂ ಸುಮ್ನೆ ಒಮ್ಮೆ ತೆರೆದು ನೋಡಿ, ಐರ್ಲೆಂಡ್‌ನ ರಾಷ್ಟ್ರೀಯ ಪತ್ರಾಗಾರ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿಯೇ ಇಟ್ಟಿದೆ. ಮದುವೆಯಾದ ಹೆಂಗಸಿನ ಸಾಲಿನಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಈಗ ಎಷ್ಟು ಬದುಕಿದ್ದಾರೆ ಅಂತ ಎರಡು ಅಂಕಿ ಅಕ್ಕಪಕ್ಕ ಇರುತ್ತವೆ. ಬಲಗಡೆ ಐರಿಶ್ ಭಾಷೆಗೆ ಒಂದು ಕಾಲಂ ಇದೆ. ಐರಿಶ್ ಬಂದರೆ ಬರೀಬೇಕು, ಬರದಿದ್ದರೆ ಖಾಲಿ ಬಿಡಬೇಕು. ಹಾಳೆ ತಿರುಗಿಸಿದಷ್ಟೂ ಖಾಲಿ, ಖಾಲಿ, ಖಾಲಿ. ಕಸಿನ್ಸ್ ಆ ನಾಡಿನಿಂದ ಬಂದವರು. ಕುವೆಂಪು ಅವರಿಗೆ ಅವರು ಆ ಮಾತು ಹೇಳುವಾಗ ಮನಸ್ಸಿನಲ್ಲಿ ಇದೇ ಇತ್ತೇನೋ ಅಂತ ನನಗನ್ನಿಸುತ್ತದೆ, ಅವರೇ ಬರೆದದ್ದು ಇಂಗ್ಲಿಷಿನಲ್ಲಿ ಅಲ್ವಾ.

ಮಾರ್ಗರೆಟ್ ಅವರದು ಇನ್ನೂ ದೊಡ್ಡ ಕಥೆ. ಹೆಂಗಸರ ಮತದ ಹಕ್ಕಿಗಾಗಿ ಲಂಡನ್ನಿನ ಹಾಲೋವೇ ಜೈಲು, ಐರ್ಲೆಂಡ್‌ನ ಟುಲ್ಲಮೋರ್ ಜೈಲು, ಆಮೇಲೆ ಇಲ್ಲಿನ ಚಳವಳಿಯಲ್ಲಿ ವೆಲ್ಲೂರು ಜೈಲು ಕಂಡವರು. 1919ರಲ್ಲಿ, ಜೇಮ್ಸ್ ಕೆಲಸ ಮಾಡುತ್ತಿದ್ದ ಮದನಪಲ್ಲಿಯ ಕಾಲೇಜಿಗೆ ಟಾಗೋರರು ಬಂದಾಗ ‘ಜನ ಗಣ ಮನ’ದ ಧಾಟಿಗೆ ಸ್ವರಲಿಪಿ ಬರೆದಿಟ್ಟವರೂ ಇವರೇ.

ವಂಶವೃಕ್ಷ ರಕ್ತದ ಜಾಡು ಹಿಡಿದು ಹೋಗುತ್ತದೆ. ಮಕ್ಕಳಿಲ್ಲದವರ ಕೊಂಬೆ ಅಲ್ಲೇ ನಿಂತುಬಿಡುತ್ತದೆ, ಅವರನ್ನು ಕೇಳಿಕೊಂಡು ಬರುವ ಮರಿಮಗಳು ಇರುವುದಿಲ್ಲ. ಇವರನ್ನು ಹುಡುಕಬೇಕಾದವರು ನಾವು, ಅವರಿಂದ ಏನನ್ನೋ ಪಡೆದವರು. ಮದನಪಲ್ಲಿ ದೂರವೇನಲ್ಲ, ಕೋಲಾರದ ಗಡಿ ದಾಟಿದರೆ ಸಿಗುತ್ತದೆ. ನಿಮ್ಮ ತಾತ ಅಜ್ಜಿ ಯಾರಾದರೂ ಅಲ್ಲಿ ಓದಿದ್ದರೆ, ಮೈಸೂರಿನಲ್ಲಿ ಕಸಿನ್ಸ್ ಭಾಷಣ ಕೇಳಿದ್ದರೆ, ಮನೆಯ ಟ್ರಂಕ್ ಒಮ್ಮೆ ತೆಗೀರಿ. ಫೋಟೋ ಇದ್ದರೆ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಿ. ಹಾಗೇ ನನಗೂ ಒಂದು ಮಾತು ತಿಳಿಸಿ, ನಾನು ಬಂದು ನೋಡ್ತೀನಿ.