ಫೋಕಸ್ ತಪ್ಪಿದ ಮಾತ್ರಕ್ಕೆ ಚಿತ್ರ ಕೆಡುವುದಿಲ್ಲ

ಕೇಳುಗರಿಗೆ ನಮಸ್ಕಾರ. ಆಸೆಪಟ್ಟು ಕ್ಯಾಮೆರಾ ಕೊಂಡು, ಕ್ಲಬ್ಬಿನಲ್ಲೋ ಸ್ಪರ್ಧೆಯಲ್ಲೋ ನಾಲ್ಕು ಚಿತ್ರ ತೋರಿಸಿ, ‘ಶಾರ್ಪ್ ಇಲ್ಲ, ಹಿನ್ನೆಲೆ ಸರಿಯಿಲ್ಲ, ಬೆಳಕು ಹೆಚ್ಚಾಗಿ ಬಿಳಿಯ ಭಾಗವೆಲ್ಲ ಸುಟ್ಟುಹೋಗಿದೆ’ ಎಂಬ ಮಾತು ಕೇಳಿದ ಮೇಲೆ ಕ್ಯಾಮೆರಾವನ್ನೇ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈ ಹೊತ್ತು ನಾನು ಮಾತನಾಡುತ್ತಿರುವುದು ಅವರೊಂದಿಗೆ. ಹೇಳಬೇಕಾದದ್ದು ಒಂದೇ: ಯಾರನ್ನು, ಯಾವುದನ್ನು ನೋಡುತ್ತಲೇ ಇರಬೇಕೆಂದು ನಿಮಗೆ ಅನಿಸುತ್ತದೆಯೋ ಅದರ ಚಿತ್ರ ತೆಗೆಯಿರಿ. ಉಳಿದದ್ದೆಲ್ಲ ಆಮೇಲೆ.

ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರ ವಿಷಯ ಹೇಳದೆ ನಾನು ಮುಂದೆ ಹೋಗಲಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆಕೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, 1863ರ ಡಿಸೆಂಬರಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆಗೆ 48 ವರ್ಷ. ಕಲ್ಲಿದ್ದಲಿನ ಕೋಣೆ, ಕತ್ತಲಲ್ಲಿ ಚಿತ್ರ ತೊಳೆಯುವ ಡಾರ್ಕ್ ರೂಮ್ ಆಯಿತು. ಕೋಳಿಗಳನ್ನು ಹೊರಗೆ ಬಿಟ್ಟು ಅವುಗಳ ಗೂಡನ್ನೇ ಸ್ಟುಡಿಯೋ ಮಾಡಿಕೊಂಡರು. ಅಂದಿನ ಕೆಲಸ ಇಂದಿನಷ್ಟು ಸುಲಭವಾಗಿರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು ಹರಡಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು ಡೆವಲಪ್ ಮಾಡಿ ಮುಗಿಸಬೇಕಿತ್ತು. ಎದುರಿಗೆ ಕುಳಿತವರು ನಿಮಿಷಗಟ್ಟಲೆ ಅಲುಗಾಡುವಂತಿರಲಿಲ್ಲ. ಅಲುಗಿದರೆ ಮುಖ ಮಸುಕು. ಗಾಜಿನ ಮೇಲೆ ಗೆರೆ ಬೀಳುತ್ತಿತ್ತು, ಬೆರಳಿನ ಗುರುತು ಉಳಿಯುತ್ತಿತ್ತು, ಕೆಲವೊಮ್ಮೆ ಗಾಜೇ ಬಿರುಕು ಬಿಡುತ್ತಿತ್ತು. ಅಂಥ ಗಾಜಿನಿಂದಲೂ ಆಕೆ ಪ್ರಿಂಟ್ ಹಾಕಿದರು.

ಛಾಯಾಗ್ರಹಣದ ಪತ್ರಿಕೆಗಳು ಸುಮ್ಮನಿರಲಿಲ್ಲ. ಫೋಕಸ್ ಇಲ್ಲ, ಕೆಲಸದಲ್ಲಿ ಅಚ್ಚುಕಟ್ಟಿಲ್ಲ ಎಂದು ಬರೆದವು. ಆಕೆಯಾದರೋ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವರಿಗೆ ಬರೆದ ಪತ್ರದಲ್ಲಿ, ಯಾವ ಫೋಕಸ್ ಸರಿ ಎಂದು ಹೇಳುವ ಹಕ್ಕು ಯಾರಿಗಿದೆ ಎಂದೇ ಕೇಳಿದರು. ತೆಗೆದ ಚಿತ್ರ ಬೆಳಕಿಗೆ ಕೆಡದಂತೆ ಉಳಿಸುವ, ಹಳೆಯ ಡಾರ್ಕ್ ರೂಮಿನವರಿಗೆಲ್ಲ ಪರಿಚಿತವಾದ ‘ಹೈಪೋ’ ಎಂಬ ರಾಸಾಯನಿಕದ ಗುಣವನ್ನು ಕಂಡುಹಿಡಿದವರು ಇದೇ ಹರ್ಷೆಲ್. 1867ರಲ್ಲಿ ಅವರ ಚಿತ್ರವನ್ನೂ ಕ್ಯಾಮರನ್ ತೆಗೆದರು. ಸುತ್ತಲೂ ಕತ್ತಲೆ, ಟೋಪಿಯಡಿಯಿಂದ ಕೆದರಿ ನಿಂತ ಬಿಳಿಗೂದಲು, ನೆರಿಗೆಗಟ್ಟಿದ ಮುಖ, ಬೆಳಕಿನ ಕಡೆಗೆ ಎತ್ತಿದ ಕಣ್ಣುಗಳು. ಅಂಚುಗಳು ಮಸುಕೇ. ಆದರೆ ಆ ವೃದ್ಧರ ಮೇಲೆ ಆಕೆಗಿದ್ದ ಗೌರವ ಒಂದಿಷ್ಟೂ ಮಸುಕಾಗಿಲ್ಲ. ಪತ್ರಿಕೆಗಳು ತೆಗಳುತ್ತಿದ್ದ ಕಾಲದಲ್ಲೇ, 1865ರಲ್ಲಿ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಆಕೆಯ ಚಿತ್ರಗಳನ್ನು ಕೊಂಡುಕೊಂಡಿತ್ತು. ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಕರೆಯುವುದು ಅದನ್ನೇ.

ತೀರ್ಪುಗಾರರ ಬಗ್ಗೆ ಒಂದು ಮಾತು. ಒಂದೇ ದಿನದಲ್ಲಿ ನೂರಾರು ಚಿತ್ರ ನೋಡಬೇಕಾದವರ ಕಣ್ಣಿಗೆ ಮೊದಲು ಬೀಳುವುದು ಅಳತೆಗೆ ಸಿಗುವ ದೋಷ. ಅಜ್ಜಿಯ ಕೈಯನ್ನು ನೀವೇಕೆ ಅಷ್ಟು ಹತ್ತಿರದಿಂದ ತೆಗೆದಿರಿ ಎಂದು ಕೇಳುವ ವ್ಯವಧಾನ ಅಲ್ಲಿ ಇರುವುದಿಲ್ಲ. ಶಾರ್ಪ್ ಇಲ್ಲ ಎಂದದ್ದು ಆ ಒಂದು ಚಿತ್ರಕ್ಕೆ. ಅದನ್ನು ನಿಮ್ಮ ಕಣ್ಣಿಗೇ ಕೊಟ್ಟ ತೀರ್ಪೆಂದು ದಯವಿಟ್ಟು ತಿಳಿಯಬೇಡಿ.

ಸಮಯ ಮುಗಿಯುತ್ತಾ ಬಂದಿದೆ, ಮುಖ್ಯವಾದದ್ದಷ್ಟನ್ನೇ ಹೇಳುತ್ತೇನೆ. ಕ್ಯಾಮೆರಾವನ್ನು ಆಟೋಮ್ಯಾಟಿಕ್‌ಗೆ ಹಾಕಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದೇ ಲೆನ್ಸ್ ಸಾಕು. ಕೆಲವು ಕಾಲ ಯಾವ ಸ್ಪರ್ಧೆಗೂ ಕಳಿಸಬೇಡಿ. ಒಳ್ಳೆಯದೆನಿಸಿದ ಚಿತ್ರದ ಪ್ರಿಂಟ್ ಹಾಕಿಸಿ, ಚಿತ್ರದಲ್ಲಿರುವವರ ಕೈಗೇ ಕೊಡಿ. ಮಲೆನಾಡು, ಕರಾವಳಿಯ ಕೇಳುಗರು ಮಾತ್ರ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಬೇಕು, ಏಕೆಂದರೆ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಜಿನ ಒಳಗೆ ಜೇಡರಬಲೆಯಂಥ ಎಳೆ ಕಂಡರೆ ರಿಪೇರಿಯವರಿಗೆ ಕೊಡಿ. ಕಾಣದಿದ್ದರೆ ಇಂದು ರಾತ್ರಿಯೇ ಬ್ಯಾಟರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ನಿಮಗೆ ಇಷ್ಟವಾದವರನ್ನು ಕಿಟಕಿಯ ಪಕ್ಕದಲ್ಲಿ ಕೂರಿಸಿ. ನಮಸ್ಕಾರ.