ಕಾಗದ ಹೇಳುವ ಊರು, ದನಿ ಹೇಳುವ ಊರು

ಈ ಕ್ಲಿಪ್ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಮೆರಿಕ–ಮೆಕ್ಸಿಕೊ ಗಡಿ, 2019ರ ಜುಲೈ. ಎತ್ತರದ ಉಕ್ಕಿನ ಬೇಲಿ, ಕಂಬಗಳ ನಡುವೆ ಸಣ್ಣ ಸಂದು. ಆ ಸಂದಿನೊಳಗೆ ಗುಲಾಬಿ ಬಣ್ಣದ ಮೂರು ಸೀಸಾ, ಅಂದರೆ ಮಕ್ಕಳು ಕೂತು ಏರಿಳಿಯುವ ಹಲಗೆ, ತೂರಿಸಿದ್ದಾರೆ. ಒಂದು ತುದಿಯಲ್ಲಿ ಈ ದೇಶದವರು, ಇನ್ನೊಂದು ತುದಿಯಲ್ಲಿ ಆ ದೇಶದವರು. ಇವರು ಕೆಳಗೆ ಬಂದರೆ ಅವರು ಮೇಲೆ. ಎದುರು ಕೂತವರು ಸುಮ್ನೆ ಎದ್ದು ಹೋದರೆ ನೀವು ದಬ್ ಅಂತ ನೆಲಕ್ಕೆ, ಅಲ್ವಾ? ಅದೇ ಇಲ್ಲಿನ ಮಾತು. ವಾಸ್ತುಶಿಲ್ಪಿಗಳಾದ ರೊನಾಲ್ಡ್ ರೇಲ್ ಮತ್ತು ವರ್ಜೀನಿಯಾ ಸಾನ್ ಫ್ರಾಟೆಲ್ಲೊ ಹತ್ತು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದ ಐಡಿಯಾ ಇದು. ಆಟ ನಡೆದದ್ದು ಒಂದು ಗಂಟೆಯೂ ಇಲ್ಲ.

ಅದಕ್ಕೂ ಎರಡು ವರ್ಷ ಮೊದಲು ಫ್ರೆಂಚ್ ಕಲಾವಿದ ಜೆಆರ್, ಮೆಕ್ಸಿಕೊದ ಟೆಕಾಟೆಯಲ್ಲಿ ಒಂದು ಪುಟ್ಟ ಮಗುವಿನ ದೊಡ್ಡ ಫೋಟೋ ನಿಲ್ಲಿಸಿದ್ದರು. ಮಗು ಬೇಲಿಯ ಮೇಲೆ ಕೈಯಿಟ್ಟು ಆಚೆ ಇಣುಕುತ್ತದೆ, ತೊಟ್ಟಿಲ ಅಂಚಿನಿಂದ ಇಣುಕುವ ಹಾಗೆ. ಆ ಮಗುವಿಗೆ ಅದು ಗಡಿ ಅಂತ ಗೊತ್ತೇ ಇಲ್ಲ.

ಕಲಾವಿದರು ಗೋಡೆಯನ್ನೇ ಕೈಗೆತ್ತಿಕೊಂಡರು. ರ‍್ಯಾಪರ್‌ಗಳ ಹತ್ತಿರ ಇರುವುದು ದನಿ ಮಾತ್ರ. ಅಷ್ಟಕ್ಕೂ ಹಿಪ್‌ಹಾಪ್ ಹುಟ್ಟಿದ್ದೇ ವಲಸೆ ಬಂದವರ ಕೈಯಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಶುರುವಾದದ್ದು ಅಲ್ಲೇ ಅಂತ ಹೇಳುವ ಪಾರ್ಟಿಗೆ ಹಾಡು ಹಾಕಿದ ಡಿಜೆ ಕೂಲ್ ಹರ್ಕ್, ಜಮೈಕಾದಿಂದ ಬಂದ ಹುಡುಗ. ಇನ್ನು ರ‍್ಯಾಪರ್ ಎಂ.ಐ.ಎ. ಲಂಡನ್‌ನಲ್ಲಿ ಹುಟ್ಟಿ, ಶ್ರೀಲಂಕಾದಲ್ಲಿ ಬೆಳೆದು, ಯುದ್ಧದಿಂದಾಗಿ ಮತ್ತೆ ಲಂಡನ್‌ಗೆ ನಿರಾಶ್ರಿತೆಯಾಗಿ ಬಂದವಳು. 2015ರಲ್ಲಿ ತಾನೇ ನಿರ್ದೇಶಿಸಿದ ವಿಡಿಯೋದಲ್ಲಿ ಬೇಲಿ ಹತ್ತುವ, ದೋಣಿಯಲ್ಲಿ ಒತ್ತೊತ್ತಾಗಿ ಕೂತ ಜನರ ನಡುವೆ ತಾನೂ ನಿಲ್ಲುತ್ತಾಳೆ. ದೂರದಿಂದ ಅಯ್ಯೋ ಪಾಪ ಅನ್ನುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು 21 ಸ್ಯಾವೇಜ್ ಅನ್ನುವ ರ‍್ಯಾಪರ್ ಕಥೆ. ಅವರ ಮಾತು, ಉಚ್ಚಾರ, ಹಾಡಲ್ಲಿ ಬರುವ ಬೀದಿ, ಎಲ್ಲವೂ ಅಮೆರಿಕದ ಅಟ್ಲಾಂಟಾ ನಗರದ್ದು. 2019ರ ಜನವರಿ ಕೊನೆಯಲ್ಲಿ ಟಿವಿ ಶೋ ಒಂದರಲ್ಲಿ, ಗಡಿಯಲ್ಲಿ ಸಿಕ್ಕಿಬಿದ್ದ ಮಕ್ಕಳ ಬಗ್ಗೆ ಹೊಸ ಸಾಲು ಸೇರಿಸಿ ಹಾಡಿದರು. ಕೆಲವೇ ದಿನ ಕಳೆದು ಫೆಬ್ರವರಿ 3ರಂದು ವಲಸೆ ಅಧಿಕಾರಿಗಳು ಅವರನ್ನು ಹಿಡಿದರು. ಆಗಲೇ ಎಲ್ಲರಿಗೂ ಗೊತ್ತಾದದ್ದು, ಅವರು ಹುಟ್ಟಿದ್ದು ಲಂಡನ್‌ನಲ್ಲಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು, ವೀಸಾ ಮುಗಿದು ವರ್ಷಗಳೇ ಆಗಿವೆ ಅಂತ. ಇಂಟರ್ನೆಟ್ ತುಂಬ ಬ್ರಿಟಿಷ್ ಉಚ್ಚಾರದ ಮೀಮ್‌ಗಳು. ನನಗೆ ಮಾತ್ರ ನಗು ಬರಲಿಲ್ಲ. ಒಬ್ಬ ಮನುಷ್ಯ ನಾಲಿಗೆಯಿಂದ ಹಿಡಿದು ಎಲ್ಲದರಲ್ಲೂ ಒಂದು ಊರಿನವನಾಗಿದ್ದಾನೆ, ಆ ಊರು ಅವನ ಹಾಡನ್ನು ತನ್ನದು ಅನ್ನುತ್ತದೆ, ಆದರೆ ಕಾಗದ ಮಾತ್ರ ಅವನಿಗೆ ಸರಿಯಾಗಿ ನೆನಪೂ ಇರದ ಊರನ್ನು ತೋರಿಸಿ ಅಲ್ಲಿಗೆ ಹೋಗು ಅನ್ನುತ್ತದೆ.

ಹಾಡುಗಾರನಾದ್ದರಿಂದ ಅವರ ಪರವಾಗಿ ಜನ ಕೂಗಿದರು, ಫೆಬ್ರವರಿ 13ಕ್ಕೆ ಹೊರಬಂದರು. ಅದೇ ಸ್ಥಿತಿಯಲ್ಲಿದ್ದು ಮೈಕ್ ಇಲ್ಲದವರು ಎಷ್ಟು ಜನ ಇರಬೇಕು, ಆ ಯೋಚನೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಕಾಗದ ಸರಿಹೋಗಲು 2023ರ ತನಕ ಕಾಯಬೇಕಾಯಿತು. ಆ ವರ್ಷದ ನವೆಂಬರ್ ಕೊನೆಯಲ್ಲಿ ಅವರು ಮೊದಲ ಸಲ ಲಂಡನ್‌ನ ವೇದಿಕೆ ಹತ್ತಿದರು, ತಾನು ಹುಟ್ಟಿದ ಊರಿನಲ್ಲಿ. ಹಾಡಿದ್ದು ಅಟ್ಲಾಂಟಾದ ದನಿಯಲ್ಲೇ.