ಮಾತು ಬಿಟ್ಟೋರಿಗೆಲ್ಲಾ ಸೊಕ್ಕಿರಂಗಿಲ್ರಿ

ನಮಸ್ಕಾರ್ರಿ. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಗೆಳೆತನ ಜಗಳದಿಂದ ಕೆಡೋದು ಕಡಿಮಿ, ಮಾತು ಬಿಡೋದರಿಂದ ಕೆಡೋದ ಹೆಚ್ಚು. "ಮಾತು ಬಿಟ್ಟಾನ್ರಿ, ಸೊಕ್ಕು ಬಂದೈತಿ ಅವಂಗ." ಈ ಸೊಕ್ಕು ಅನ್ನೋ ತೀರ್ಪಿನ ಮ್ಯಾಲೆ ನಂದು ತಕರಾರು ಐತಿ.

ವಿದ್ಯಾನಗರದಾಗ ಒಂದ ರೂಮಿನಾಗಿರೋ ಇಬ್ಬರು ಹುಡುಗರನ್ನ ತಗೋರಿ. ಗೆಳೆಯ ಸ್ವಲ್ಪ ದೂರ ಸರದ ಅನಿಸಿದ್ರ ಸಾಕು, ಒಬ್ಬಂದು ಫೋನ್ ಮ್ಯಾಲೆ ಫೋನ್: "ಏನಾತು? ನಾ ಏನಂದೆ?" ಪ್ರಶ್ನಿ ಹೆಚ್ಚಾದಂಗ ಇನ್ನೊಬ್ಬನ ಬಾಯಿ ಕಟ್ಟತೈತಿ. "ನೀ ಮಾತಾಡವಲ್ಲಿ, ಅದಕ್ಕ ಕೇಳಾಕತ್ತೀನಿ" ಅಂತಾನ ಇವಾ. "ನೀ ಬೆನ್ನ ಹತ್ತಿದಿ, ಅದಕ್ಕ ಸುಮ್ನದೀನಿ" ಅಂತಾನ ಅವಾ. ಇಬ್ಬರದೂ ಖರೇನ! ಯಾರು ಶುರು ಮಾಡಿದ್ರು ಅಂತ ಹುಡುಕಿದ್ರ ರಾತ್ರಿ ಮುಗೀತೈತಿ, ಉತ್ತರ ಸಿಗಂಗಿಲ್ಲ.

ಮೇರಿ ಐನ್ಸ್‌ವರ್ಥ್ ಅಂತ ಮನಶ್ಶಾಸ್ತ್ರಜ್ಞೆ ವರ್ಷದ ಆಸುಪಾಸಿನ ಕೂಸುಗಳನ್ನ ಗಮನಿಸಿದ್ರು. ತಾಯಿ ಸ್ವಲ್ಪ ಹೊತ್ತು ಹೊರಗ ಹೋಗಿ ಬಂದಾಗ ಕೆಲವು ಅತ್ತು, ತಾಯಿ ತೊಡಿ ಏರಿ ಸಮಾಧಾನ ಆದ್ವು. ಕೆಲವು ಎತ್ಕೊಂಡ್ರೂ ರಚ್ಚಿ ಬಿಡ್ಲಿಲ್ಲ. ಇನ್ನ ಕೆಲವು ತಾಯಿ ಬಂದದ್ದ ಕಾಣಲಿಲ್ಲ ಅನ್ನಂಗ ಆಟಿಗಿ ಸಾಮಾನು ನೋಡ್ಕೋತ ಕುಂತ್ವು. ಎಷ್ಟು ಶಾಣ್ಯಾ ಕೂಸು ಅಂತೀವಲ್ಲ ನಾವು? ಮುಂದ ಬ್ಯಾರೆ ಸಂಶೋಧಕರು ಅಂಥಾ ಕೂಸುಗಳ ಎದಿ ಬಡಿತ ಅಳದು ನೋಡಿದ್ರು. ಒಳಗ ಗಾಬರಿ ಇದ್ದೇ ಇತ್ತು. 1987ರಾಗ ಹೇಜನ್ ಮತ್ತ ಶೇವರ್ ಅನ್ನೋ ಮನಶ್ಶಾಸ್ತ್ರಜ್ಞರು ಇದ ವಿಚಾರಾನ ದೊಡ್ಡವರ ಪ್ರೀತಿಗೂ ಹಚ್ಚಿ ನೋಡಿದ್ರು. ಮಾತು ಬಿಟ್ಟ ಗೆಳೆಯನ ಒಳಗೂ ಸೊಕ್ಕಲ್ಲ, ಇಂಥಾ ಗಾಬರೀನ ಇರಬಹುದು.

ಹಂಗಂತ ಇದು ಹಣೆಬರಹ ಅಲ್ರಿ. ಅಣ್ಣನ ಮುಂದ ತುಟಿ ಬಿಚ್ಚದಾಂವ ಗೆಳೆಯನ ಮುಂದ ಹರಟಿ ಹೊಡೀತಾನ. ರೀಲ್ಸ್ ನೋಡಿ "ನೀ ಟಾಕ್ಸಿಕ್" ಅನ್ನೋದಂತೂ ಹೊಸಾ ಬೈಗುಳ, ಅಷ್ಟ.

ನಮ್ಮ ರಾಜಿ ಹೆಂಗಂದ್ರ, ದುರ್ಗದಬೈಲಿನಾಗ ಗಿರ್ಮಿಟ್ ಮಿರ್ಚಿ ತಿಂದು, ಜಗಳದ ಸುದ್ದಿ ತಗೀದ ಮನಿಗೆ ಹೋಗೋದು. ಕೆಟ್ಟದ್ದೇನಲ್ಲ, ಆದ್ರ ಮುಂದಿನ ಹಬ್ಬಕ್ಕ ಅದ ಜಗಳ ತಿರುಗಿ ಬರತೈತಿ. ಸುಮ್ನಾಗೋರು ಇಷ್ಟರ ಹೇಳ್ರಿ: "ಈಗ ಮಾತಾಡಾಕ ಆಗವಲ್ದು, ಸಂಜಿಕೆ ನಾನ ಫೋನ್ ಮಾಡ್ತೀನಿ." ಮಾಡ್ರಿ ಮತ್ತ! ಬೆನ್ನ ಹತ್ತೋರು ಸಂಜಿತನಕ ಫೋನ್ ಕೆಳಗಿಡ್ರಿ.

ಆದ್ರ ಕಾಲಿಗೆ ಬೀಳೂತನಕ ಬೇಕಂತ ಸತಾಯಿಸೋ ಮೌನ, ಹೆದರಿಸಿ ಇಟ್ಕೊಳ್ಳೋ ಮೌನಕ್ಕ ನಾ ವಕಾಲತ್ತು ಮಾಡಂಗಿಲ್ಲ. ಅಲ್ಲಿ ಮೂರನೇಯವ್ರ ಸಹಾಯ ಬೇಕು. ಧಾರವಾಡದಾಗ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರಿ ಐತಿ. "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗೋರು ನಗಲಿ, ನೀವು ಹೋಗಿ ಬರ್ರಿ.